ತೆರೆಯ ರಾಯಣ್ಣನೂ ನಂದಗಡದ ರಾಯಣ್ಣನೂ

ನಾಗಣ್ಣ ನಿರ್ದೇಶನದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಲನಚಿತ್ರ ತೆರೆಕಂಡದ್ದು 2012ರ ರಾಜ್ಯೋತ್ಸವದಂದು. ಮುಂದೆ ಹಬ್ಬ, ರಜೆಯ ದಿನಗಳಲ್ಲಿ ಟಿ.ವಿ. ಎದುರು ಕುಳಿತು ಅದನ್ನು ನೋಡಿದ ಮಕ್ಕಳು ಈಗ ಪ್ರಾಯಕ್ಕೆ ಬಂದಿದ್ದಾರೆ. ಅಂದು ಅವರ ಕಣ್ಣು ತುಂಬಿದ್ದು ಕುದುರೆ, ಕತ್ತಿ, ದರ್ಶನ್ ಅವರ ರಾಯಣ್ಣ, ಜಯಪ್ರದಾ ಅವರ ಚನ್ನಮ್ಮ. ಅದೇ ಚಿತ್ರವನ್ನು ಮತ್ತೊಮ್ಮೆ ನೋಡಿ, ಬೆಳಗಾವಿಯಿಂದ ಸುಮಾರು 26 ಕಿ.ಮೀ. ದೂರದ ಖಾನಾಪುರಕ್ಕೂ ಅಲ್ಲಿಂದ ನಂದಗಡಕ್ಕೂ ಹೋಗಿಬಂದವರಿಗೆ ಬಾಲ್ಯದಲ್ಲಿ ಹೊಳೆಯದ ಪ್ರಶ್ನೆಯೊಂದು ಎದುರಾಗುತ್ತದೆ. ಕಿತ್ತೂರಿನ ಕೋಟೆಯನ್ನು ಬಿಟ್ಟು ಬೀಡಿಯಂಥ ಊರಿನ ಮೇಲೆ ರಾಯಣ್ಣ ದಾಳಿ ಮಾಡಿದ್ದೇಕೆ?

ಉತ್ತರ ಕಂದಾಯದ ದಫ್ತರದಲ್ಲಿದೆ. 1824ರ ಡಿಸೆಂಬರಿನಲ್ಲಿ ಕಿತ್ತೂರು ಕಂಪನಿ ಸರ್ಕಾರದ ವಶವಾಯಿತು. ರಾಯಣ್ಣನ ಜಮೀನಿನ ಬಹುಭಾಗ ಜಪ್ತಿಯಾಗಿ, ಉಳಿದುದರ ಮೇಲೆ ಭಾರಿ ತೆರಿಗೆ ಬಿತ್ತು. ಆಯುಧ ಹಿಡಿದವನ ಕೈಯಲ್ಲಿ ಹೊಲವೂ ಉಳಿಯಲಿಲ್ಲ. 1830ರ ಜನವರಿಯಲ್ಲಿ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಬಿತ್ತು. ಖಾನಾಪುರ, ನಂದಗಡ, ಸಂಪಗಾವಿಗಳೂ ದಾಳಿಗೆ ಗುರಿಯಾದವು. ದಫ್ತರ ಸುಟ್ಟರೆ ಯಾರ ಹೊಲಕ್ಕೆ ಎಷ್ಟು ಕಂದಾಯ, ಯಾರದು ಎಷ್ಟು ಬಾಕಿ ಎಂಬ ಲೆಕ್ಕವೇ ಉಳಿಯದು. ಕಂಪನಿಯ ಕಾನೂನಿಗೆ ಅದು ದಂಗೆ, ಲೂಟಿ. ಬಾಕಿ ಹೊತ್ತ ರೈತನಿಗೆ ಬಿಡುಗಡೆ. ಕಿತ್ತೂರಿನ ದತ್ತುಪುತ್ರ ಶಿವಲಿಂಗಪ್ಪನನ್ನು ಗದ್ದುಗೆಗೇರಿಸುವ ಗುರಿ ಈ ದಾಳಿಗಳ ಹಿಂದಿತ್ತು. ಆದರೆ ಹಳ್ಳಿಗರು ಬಂಡುಕೋರರನ್ನು ಮನೆಯವರಂತೆ ಕಂಡದ್ದಕ್ಕೆ ಕಂದಾಯದ ಸಿಟ್ಟೇ ಹೆಚ್ಚು ಕಾರಣವಿದ್ದೀತು.

ಉಳಿದ ಕೆಲಸವನ್ನು ಖಾನಾಪುರದ ಕಾಡು ಮಾಡಿತು. ಮಲಪ್ರಭೆ ಹುಟ್ಟುವ ಈ ಸೀಮೆ ಪಶ್ಚಿಮ ಘಟ್ಟದ ಅಂಚು. ಹೊಡೆದು ಮರೆಯಾಗುವ ಗೆರಿಲ್ಲಾ ಕಾಳಗಕ್ಕೆ ಹೇಳಿ ಮಾಡಿಸಿದ ನೆಲ. ರಾಯಣ್ಣನ ಸಂಗಡಿಗ ಗಜವೀರ ಸಿದ್ದಿ ಸಮುದಾಯದವನು. ಸಿದ್ದಿಗಳು ಇಂದಿಗೂ ಖಾನಾಪುರ ತಾಲ್ಲೂಕಿನಲ್ಲಿ ನೆಲೆಸಿದ್ದಾರೆ.

ಕಾಡಿನಲ್ಲಿ ಸಿಗದವನು 1830ರ ಏಪ್ರಿಲಿನಲ್ಲಿ ಸೆರೆಯಾದದ್ದು ತನ್ನವರ ದ್ರೋಹದಿಂದ. ಹಳ್ಳದಲ್ಲಿ ಮೀಯಲು ಇಳಿದಾಗ ದಡದಲ್ಲಿದ್ದ ಕತ್ತಿಯನ್ನು ಲಕ್ಕಪ್ಪ ಎಂಬವನು ಕೊಡದೆ ಹಿಡಿದುಕೊಟ್ಟನೆಂದು ಜನ ಹೇಳುತ್ತಾರೆ. ಟಿ.ವಿ. ಬರುವುದಕ್ಕೆ ಎಷ್ಟೋ ಮೊದಲೇ ಲಾವಣಿಕಾರರು, ಗೀಗೀ ಮೇಳದವರು ಈ ಪ್ರಸಂಗವನ್ನು ಊರೂರಿಗೆ ಮುಟ್ಟಿಸಿದ್ದರು. ಸಿನಿಮಾಕ್ಕೆ ಕಥೆ ಹುಡುಕುವ ಕಷ್ಟವೇನೂ ಇರಲಿಲ್ಲ! ಸುಟ್ಟ ಕಾಗದಕ್ಕಿಂತ ಬೀಸುವ ಕತ್ತಿ ತೆರೆಗೆ ಒಪ್ಪುತ್ತದೆ ಎಂಬುದನ್ನೂ ಒಪ್ಪಲೇಬೇಕು.

1831ರ ಜನವರಿ 26ರಂದು ರಾಯಣ್ಣನನ್ನು ನಂದಗಡದ ಬಳಿ ಗಲ್ಲಿಗೇರಿಸಲಾಯಿತು. ಅವನ ಜನನ 1798ರ ಆಗಸ್ಟ್ 15 ಎಂಬ ನಂಬಿಕೆಯಿಂದ ಎರಡು ರಾಷ್ಟ್ರೀಯ ಹಬ್ಬಗಳಂದೂ ಇಲ್ಲಿ ಅವನ ಸ್ಮರಣೆಯಾಗುತ್ತದೆ. ಸಮಾಧಿಯ ಆಲದ ಮರವನ್ನು ಸಂಗಡಿಗ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟನೆಂಬುದು ಜನರ ಮಾತು. ಮಕ್ಕಳಾಗಲೆಂದು ಹರಕೆ ಹೊತ್ತ ದಂಪತಿಗಳು ಅದರ ಕೊಂಬೆಗೆ ಪುಟ್ಟ ತೊಟ್ಟಿಲುಗಳನ್ನು ಕಟ್ಟುತ್ತಾರೆ.