ಬೆಳಗಿನ ಜಾವ ಕುಸಿಯುವ ಗುಡ್ಡ

ಮಲೆನಾಡಿನ ಓದುಗರೊಬ್ಬರು ಬರೆದಿದ್ದಾರೆ: ‘ಮಳೆ ಹಿಡಿದಾಗಿನಿಂದ ಒಂದೇ ಬಗೆಯ ಕನಸು ಬೀಳುತ್ತಿದೆ. ಮನೆಯ ಹಿಂದಿನ ಗುಡ್ಡ ಜಾರುತ್ತದೆ. ಗೋಡೆ ಸೀಳುತ್ತದೆ. ಮಕ್ಕಳನ್ನು ಕೂಗಬೇಕೆಂದರೆ ದನಿಯೇ ಹೊರಡುವುದಿಲ್ಲ. ಅದೂ ಬೆಳಗಿನ ಜಾವದಲ್ಲೇ. ಆ ಹೊತ್ತಿನ ಕನಸು ನಿಜವಾಗುತ್ತದಂತೆ. ಶಾಂತಿ ಮಾಡಿಸಿ ಅಂತ ಒಬ್ಬರು ಖರ್ಚಿನ ಪಟ್ಟಿಯನ್ನೂ ಕೊಟ್ಟುಹೋಗಿದ್ದಾರೆ. ಈ ಕನಸಿನ ಅರ್ಥವೇನು?’

ಮೊದಲು ಬೆಳಗಿನ ಜಾವದ ವಿಚಾರ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯೆಲ್ ಕ್ಲೈಟ್‌ಮನ್ ಒಂದು ಸಂಗತಿಯನ್ನು ಪ್ರಕಟಿಸಿದರು. ನಿದ್ದೆಯ ನಡುವೆ ಆಗಾಗ, ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಸರಸರ ಓಡಾಡುತ್ತವೆ. ಆಗ ಎಬ್ಬಿಸಿ ಕೇಳಿದರೆ ಜನ ಕನಸು ಹೇಳುತ್ತಾರೆ. ಅಸೆರಿನ್‌ಸ್ಕಿ ಆರಂಭದಲ್ಲಿ ಕಣ್ಣಿನ ಚಲನೆ ದಾಖಲಿಸುವ ಯಂತ್ರದ ತಂತಿಗಳನ್ನು ಅಂಟಿಸಿದ್ದು ತನ್ನ ಪುಟ್ಟ ಮಗನಿಗೇ. ಇಂದು ರೆಮ್ ನಿದ್ರೆ ಎಂದು ಕರೆಯುವುದು ಕಣ್ಣುಗುಡ್ಡೆಗಳು ಓಡಾಡುವ ಈ ನಿದ್ದೆಯನ್ನೇ. ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಅದು ಬರುತ್ತದೆ. ಇರುಳಿನ ಮೊದಲ ಸಲ ಕೆಲವೇ ನಿಮಿಷ ಇದ್ದು ಹೋಗುತ್ತದೆ. ಬೆಳಕು ಹರಿಯುವ ಹೊತ್ತಿಗೆ ಅರ್ಧ ಗಂಟೆಗೂ ಮೀರಿ ಹಿಗ್ಗುತ್ತದೆ. ಉದ್ದವಾದ, ಕಣ್ಣಿಗೆ ಕಟ್ಟುವ ಕನಸುಗಳೆಲ್ಲ ಬೆಳಗಿನ ಪಾಲಿಗೆ ಬೀಳುವುದು ಅದಕ್ಕೇ. ಮೇಲಾಗಿ, ನಾವು ಏಳುವುದೂ ಆ ಹೊತ್ತಿನಲ್ಲೇ. ಕನಸಿನ ನಡುವೆ ಎಚ್ಚರವಾದರೆ ಅದು ನೆನಪಿನಲ್ಲಿ ನಿಲ್ಲುತ್ತದೆ, ಇಲ್ಲದಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ನಡುರಾತ್ರಿಯಲ್ಲಿ ಅದೆಷ್ಟು ಗುಡ್ಡಗಳು ಕುಸಿದವೋ, ಅವುಗಳ ಲೆಕ್ಕ ನಮ್ಮ ಹತ್ತಿರ ಇಲ್ಲ. ಜಾವದ ಕನಸಿಗೆ ಇರುವ ವಿಶೇಷ ಇಷ್ಟೇ.

‘ಆದರೂ ಕೆಲವರ ಕನಸು ನಿಜವಾಗಿದೆಯಲ್ಲ’ ಎಂಬ ಮಾತು ಬಂದೇ ಬರುತ್ತದೆ. ಇದನ್ನು ಪರೀಕ್ಷಿಸುವ ಅವಕಾಶ 1932ರಲ್ಲಿ ಅಮೆರಿಕದಲ್ಲಿ ಒದಗಿತು. ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ವಿಮಾನದಲ್ಲಿ ದಾಟಿ ಜಗತ್ಪ್ರಸಿದ್ಧನಾಗಿದ್ದ ಚಾರ್ಲ್ಸ್ ಲಿಂಡ್‌ಬರ್ಗ್‌ನ ಮಗುವನ್ನು ಆ ಮಾರ್ಚ್ 1ರ ರಾತ್ರಿ ಯಾರೋ ಅಪಹರಿಸಿದರು. ಇಡೀ ದೇಶ ಮಗುವಿಗಾಗಿ ಹಂಬಲಿಸುತ್ತಿದ್ದಾಗ ಹಾರ್ವರ್ಡ್‌ನ ಮನೋವಿಜ್ಞಾನಿ ಹೆನ್ರಿ ಮರೆ, ಈ ಬಗ್ಗೆ ಕನಸು ಬಿದ್ದವರು ಬರೆದು ಕಳಿಸಿ ಎಂದು ಪತ್ರಿಕೆಯಲ್ಲಿ ಕೇಳಿಕೊಂಡರು. 1,300ಕ್ಕೂ ಹೆಚ್ಚು ಕನಸುಗಳು ಬಂದವು. ಮೇ 12ರಂದು ಮಗುವಿನ ಶವ ಮನೆಯಿಂದ ಕೆಲವೇ ಮೈಲಿ ದೂರದಲ್ಲಿ, ರಸ್ತೆ ಪಕ್ಕದ ಮರಗಳ ನಡುವೆ ಸಿಕ್ಕಿತು. ಆಮೇಲೆ ಮರೆ ತಮ್ಮ ಸಹೋದ್ಯೋಗಿಯ ಜತೆ ಕೂತು ಆ ಕನಸುಗಳನ್ನು ಒಂದೊಂದಾಗಿ ತಾಳೆ ನೋಡಿದರು. ಮಗು ಸತ್ತಿದೆ ಎಂದು ಕಂಡಿದ್ದವರು ನೂರಕ್ಕೆ ಐವರ ಆಸುಪಾಸು. ಸಾವು, ಹೂತ ಗುಂಡಿ, ಮರಗಳು, ಈ ಮೂರೂ ಹೊಂದಿದ್ದ ಕನಸುಗಳು ಬೆರಳೆಣಿಕೆಯಷ್ಟು. ಆ ಕೆಲವರ ಮನೆಗಳಲ್ಲಿ ಮಾತ್ರ ‘ಕನಸು ನಿಜವಾಯಿತು’ ಎಂಬ ಕಥೆ ತಲೆಮಾರುಗಟ್ಟಲೆ ಉಳಿದಿರಬಹುದು. ಉಳಿದ ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹೇಳಲು ಕಥೆಯೇ ಇರಲಿಲ್ಲ.

ಕರ್ನಾಟಕದ ಲೆಕ್ಕವನ್ನೇ ಹಾಕಿ ನೋಡಿ. 2011ರ ಜನಗಣತಿಯ ಪ್ರಕಾರ ನಾವು ಆರು ಕೋಟಿಗಿಂತ ಹೆಚ್ಚು. ಹತ್ತು ಸಾವಿರದಲ್ಲಿ ಒಬ್ಬರಿಗಷ್ಟೇ ಒಂದು ರಾತ್ರಿ ಮನೆ ಬಿದ್ದ ಕನಸು ಬೀಳುತ್ತದೆ ಎಂದಿಟ್ಟುಕೊಂಡರೂ, ಮರುದಿನ ಬೆಳಿಗ್ಗೆ ಆರು ಸಾವಿರ ಜನ ಬೆವರುತ್ತ ಏಳುತ್ತಾರೆ. ಮಳೆಗಾಲದಲ್ಲಿ ಅವರಲ್ಲೊಬ್ಬರ ಊರಿನಲ್ಲಿ ಗೋಡೆ ಬೀಳದಿದ್ದರೇ ಆಶ್ಚರ್ಯ.

ನಾಳೆಯನ್ನು ಹೇಳುವುದಿಲ್ಲ ಎಂದ ಮೇಲೆ ಕನಸು ಹೇಳುವುದೇನನ್ನು? ನನಗೆ ತೀರಾ ಪ್ರಿಯವಾದ ಅಧ್ಯಯನವೊಂದಿದೆ. ಬಾಸ್ಟನ್ನಿನ ಟಫ್ಟ್ಸ್ ವಿಶ್ವವಿದ್ಯಾಲಯದ ಮನೋವೈದ್ಯ ಅರ್ನೆಸ್ಟ್ ಹಾರ್ಟ್‌ಮನ್ ಅವರದು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಅವಳಿ ಗೋಪುರಗಳು ಉರುಳಿದವು. ಅದಕ್ಕೂ ಮೊದಲಿನಿಂದ, ವರ್ಷಗಟ್ಟಲೆ, ತಮ್ಮ ಕನಸುಗಳನ್ನು ತಪ್ಪದೆ ಬರೆದಿಡುತ್ತಿದ್ದ 44 ಮಂದಿಯನ್ನು ಹಾರ್ಟ್‌ಮನ್ ಹುಡುಕಿದರು. ಒಬ್ಬೊಬ್ಬರಿಂದ ಆ ದಿನಕ್ಕೆ ಮುಂಚಿನ ಹತ್ತು, ನಂತರದ ಹತ್ತು ಕನಸುಗಳನ್ನು ಪಡೆದರು. ಒಟ್ಟು 880. ಯಾವುದು ಮುಂಚಿನದು, ಯಾವುದು ನಂತರದ್ದು ಎಂಬ ಸುಳಿವು ಕೊಡದೆ ಅವುಗಳಿಗೆ ಅಂಕ ಹಾಕಿಸಿದರು.

ಗೋಪುರಕ್ಕೆ ವಿಮಾನ ಬಡಿಯುವ ಆ ದೃಶ್ಯವನ್ನು ಇವರೆಲ್ಲರೂ ಟಿವಿಯಲ್ಲಿ ಮತ್ತೆ ಮತ್ತೆ ನೋಡಿದ್ದರು. ಆದರೂ ನಂತರದ ಕನಸುಗಳಲ್ಲಿ ಎತ್ತರದ ಕಟ್ಟಡಕ್ಕೆ ವಿಮಾನ ಬಡಿದ ಕನಸು ಒಂದೂ ಇರಲಿಲ್ಲ! ಕನಸುಗಳು ಹೆಚ್ಚು ಉದ್ದವಾಗಿರಲಿಲ್ಲ, ಹೆಚ್ಚು ವಿಚಿತ್ರವೂ ಆಗಿರಲಿಲ್ಲ. ಬದಲಾಗಿದ್ದು ಒಂದೇ: ಪ್ರತಿ ಕನಸಿನ ನಡುವೆ ಇರುವ ಮುಖ್ಯ ಚಿತ್ರ, ಮೊದಲಿಗಿಂತ ತೀವ್ರವಾಗಿತ್ತು. ಮನಸ್ಸು ಘಟನೆಯನ್ನು ನಕಲು ಮಾಡಿರಲಿಲ್ಲ. ಘಟನೆ ಎಬ್ಬಿಸಿದ ಭಾವವನ್ನು ಹಿಡಿದು, ಅದಕ್ಕೆ ಒಪ್ಪುವ ಬೇರೆ ಚಿತ್ರವನ್ನು ತಾನೇ ಕಟ್ಟಿಕೊಂಡಿತ್ತು. ಹಾರ್ಟ್‌ಮನ್ ಇದನ್ನು ಮುಂಚಿನಿಂದಲೇ ಗಮನಿಸಿದ್ದರು. ಬೆಂಕಿಯಿಂದ ಪಾರಾದವರೂ ಹಲ್ಲೆಗೆ ಒಳಗಾದವರೂ ಕೆಲದಿನಗಳಲ್ಲಿ ಹೇಳುತ್ತಿದ್ದ ಕನಸು ಒಂದೇ ತೆರ: ಕಡಲತೀರದಲ್ಲಿ ನಿಂತಿದ್ದೇನೆ, ಮನೆಯೆತ್ತರದ ಅಲೆ ಎದ್ದು ಬಂದು ಕೊಚ್ಚಿಕೊಂಡು ಹೋಗುತ್ತಿದೆ. ‘ನನ್ನ ಕೈಯಲ್ಲಿ ಏನೂ ಇಲ್ಲ’ ಎಂಬ ಭಯವನ್ನು ನಿದ್ದೆಯ ಮಿದುಳು ಅಲೆಯಾಗಿ ಕಂಡಿತ್ತು.

ಹೀಗೇಕೆ ಎಂಬುದಕ್ಕೆ ಮಿದುಳಿನಲ್ಲೂ ಸಮರ್ಥನೆ ಇದೆ. ರೆಮ್ ನಿದ್ರೆಯಲ್ಲಿ ಭಯವನ್ನು ನೋಡಿಕೊಳ್ಳುವ ಅಮಿಗ್ಡಾಲ ಚುರುಕಾಗಿರುತ್ತದೆ. ‘ಇದು ಆಗುವ ಮಾತೇ?’ ಎಂದು ತರ್ಕಿಸುವ ಹಣೆಯ ಹಿಂದಿನ ಭಾಗ ಮಂಕಾಗಿರುತ್ತದೆ. ಮೈಯ ಸ್ನಾಯುಗಳು ಸಡಿಲಬಿದ್ದಿರುತ್ತವೆ. ಕೂಗಲು ದನಿ ಹೊರಡದೆ ಒದ್ದಾಡುವುದಕ್ಕೂ ಇದಕ್ಕೂ ಸಂಬಂಧ ಇರಬಹುದು. ಪೂರ್ವಜರು ಅಪಾಯ ಎದುರಿಸಲು ನಡೆಸುತ್ತಿದ್ದ ಇರುಳಿನ ತಾಲೀಮೇ ಕೆಟ್ಟ ಕನಸು ಎಂದು ಫಿನ್‌ಲೆಂಡಿನ ಆಂಟಿ ರೆವೊನ್ಸುವೊ 2000ದಲ್ಲಿ ವಾದಿಸಿದರು. ಚಂದದ ವಾದ, ಆದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅಲೆಯ ಕನಸಿನಲ್ಲಿ ನಾವು ಕಲಿಯುವ ಉಪಾಯವಾದರೂ ಯಾವುದು?

ಹಲ್ಲು ಉದುರಿದರೆ ಸಾವು, ಮದುವೆ ಕಂಡರೆ ಅಶುಭ, ಸತ್ತಂತೆ ಕಂಡರೆ ಆಯುಷ್ಯ ವೃದ್ಧಿ ಎಂದು ಪಟ್ಟಿ ಕೊಡುವ ಸ್ವಪ್ನಫಲದ ಪುಸ್ತಕಗಳ ಮೇಲೆ ನನಗೆ ಸಿಟ್ಟಿದೆ. ಒಂದೇ ಚಿತ್ರಕ್ಕೆ ಎಲ್ಲರಿಗೂ ಒಂದೇ ಅರ್ಥ ಎನ್ನುವುದು ಸುಳ್ಳು. ಅದನ್ನು ನಂಬಿ ಸಾಲ ಮಾಡಿ ಹೋಮ ಮಾಡಿಸಿದವರನ್ನು ಕಂಡಿದ್ದೇನೆ. ಶಾಸ್ತ್ರವೇ ಹೇಳಿದೆ ಎನ್ನುವವರು ಚರಕಸಂಹಿತೆಯ ಇಂದ್ರಿಯಸ್ಥಾನವನ್ನು ತೆರೆದು ನೋಡಲಿ. ಅಲ್ಲಿ ಏಳು ಬಗೆಯ ಕನಸುಗಳಿವೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಈ ಐದರಿಂದ ಹುಟ್ಟಿದ ಕನಸುಗಳಿಗೆ ಫಲವಿಲ್ಲ ಎಂದು ವೈದ್ಯ ತಿಳಿಸಬೇಕು ಎಂದಿದೆ. ಉಳಿದ ಎರಡರಲ್ಲಿ ಮುಂದಾಗುವುದನ್ನು ಸೂಚಿಸುವ ಬಗೆಯೂ ಒಂದು. ಅದನ್ನು ನಾನು ಒಪ್ಪುವುದಿಲ್ಲ. ಆದರೆ ಏಳರಲ್ಲಿ ಐದನ್ನು ಅಷ್ಟು ಹಿಂದೆಯೇ ಬದಿಗಿಟ್ಟ ಆ ವಿವೇಕಕ್ಕೆ ಕೈಮುಗಿಯುತ್ತೇನೆ.

ಪತ್ರ ಬರೆದ ತಾಯಿಗೆ ಎರಡು ಮಾತು. ನಿಮ್ಮ ಕನಸಿನ ಗುಡ್ಡ ಬೇರಾವುದೋ ಭಯದ ಚಿತ್ರವಾಗಿರಬಹುದು: ಸಾಲ, ಕಾಯಿಲೆ, ಮಕ್ಕಳ ಓದು. ಯಾವುದೆಂದು ನಿಮಗಲ್ಲದೆ ಪುಸ್ತಕಕ್ಕೆ ತಿಳಿಯದು. ಅಥವಾ ಗುಡ್ಡದ ಭಯವೇ ಇರಬಹುದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದನ್ನು ನೋಡಿದ ಯಾರಿಗೆ ಆ ಭಯವಿಲ್ಲ? ಹಾಗಾಗಿ ಹಗಲಿನಲ್ಲಿ ಹೋಗಿ ನೋಡಿ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ, ಮೊದಲು ನೀರಿಲ್ಲದ ಕಡೆ ಒಸರುವ ಕೆಂಪು ನೀರು ಕಂಡರೆ ಮನೆ ಬಿಟ್ಟು ಸುರಕ್ಷಿತ ಜಾಗಕ್ಕೆ ಹೋಗಿ, ಪಂಚಾಯಿತಿಗೂ ತಹಶೀಲ್ದಾರರಿಗೂ ತಿಳಿಸಿ. ಶಾಂತಿಗೆಂದು ತೆಗೆದಿಟ್ಟ ಹಣ ಗುಡ್ಡದ ನೀರು ಹರಿದುಹೋಗಲು ಚರಂಡಿ ಬಿಡಿಸುವುದಕ್ಕೆ ಆಗಲಿ.

ಕನಸಿಗೂ ಮದ್ದಿದೆ. ಕೆಟ್ಟ ಕನಸನ್ನು ಯಾರಿಗೂ ಹೇಳಬಾರದು ಎಂಬ ಮಾತನ್ನು ಬಿಟ್ಟು, ಹಗಲಿನಲ್ಲಿ ಅದನ್ನು ಬರೆದಿಡಿ. ಆಮೇಲೆ ನಿಮಗೆ ಬೇಕಾದ ಹಾಗೆ ಬದಲಿಸಿ: ಗುಡ್ಡ ಜಾರುವ ಮೊದಲೇ ಮಕ್ಕಳು ನಿಮ್ಮ ಕೈ ಹಿಡಿದು ರಸ್ತೆಯಾಚೆ ನಿಂತಿದ್ದಾರೆ ಎಂದೋ, ನಿಮ್ಮ ಕೂಗು ಇಡೀ ಊರಿಗೆ ಕೇಳಿಸಿತು ಎಂದೋ. ಆ ಹೊಸ ಕನಸನ್ನು ದಿನಾ ಹತ್ತಿಪ್ಪತ್ತು ನಿಮಿಷ ಕಣ್ಣು ಮುಚ್ಚಿ ಮನಸ್ಸಿನಲ್ಲಿ ನಡೆಸಿ. ಅಮೆರಿಕದ ವೈದ್ಯ ಬ್ಯಾರಿ ಕ್ರ್ಯಾಕೋ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಲ್ಲಿ ಈ ವಿಧಾನವನ್ನು ಪರೀಕ್ಷಿಸಿ, ದುಃಸ್ವಪ್ನಗಳು ಗಣನೀಯವಾಗಿ ಇಳಿದದ್ದನ್ನು 2001ರಲ್ಲಿ ಪ್ರಕಟಿಸಿದರು. ನಿಜವಾದ ದುರಂತವೇ ಇದ್ದದ್ದು ಇದ್ದ ಹಾಗೆ ಕನಸಿನಲ್ಲಿ ಮರಳುತ್ತಿದ್ದರೆ ಒಬ್ಬರೇ ಇದನ್ನು ಮಾಡಲು ಹೋಗಬೇಡಿ; ಮನೋವೈದ್ಯರ ನೆರವಿರಲಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಐವತ್ತು ದಾಟಿದವರು ಕನಸಿನಲ್ಲಿ ಕಂಡದ್ದಕ್ಕೆ ತಕ್ಕಂತೆ ಕೈಕಾಲು ಬಡಿದು ಪಕ್ಕದವರಿಗೆ ಪೆಟ್ಟು ಮಾಡತೊಡಗಿದ್ದರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸಿ. ನಿದ್ದೆಯಲ್ಲಿ ಸಡಿಲಬೀಳಬೇಕಾದ ಸ್ನಾಯುಗಳು ಎಚ್ಚರವಾಗಿವೆ ಎಂದರ್ಥ. ಕೆಲವರಲ್ಲಿ ಪಾರ್ಕಿನ್‌ಸನ್ ಕಾಯಿಲೆಯ ನಡುಕ ಕಾಣುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ಲಕ್ಷಣ ಬರುತ್ತದೆ.