ತೀರ್ಪಿನ ನಂತರದ ಮೂವತ್ತು ದಿನಗಳು

ಸೇಲಂ, ಧರ್ಮಪುರಿ ಜಿಲ್ಲೆಗಳ ಸಿವಿಲ್ ನ್ಯಾಯಾಲಯಗಳ ತೀರ್ಪು ಬರುವುದು ತಮಿಳಿನಲ್ಲಿ ಅಥವಾ ಇಂಗ್ಲಿಷಿನಲ್ಲಿ. ಕನ್ನಡವನ್ನಷ್ಟೇ ಓದಬಲ್ಲ ಹಿರಿಯರಿಗೆ ಅದು ತಡವಾಗಿ ಅರ್ಥವಾಗಬಹುದು. ಗಡುವು ಮಾತ್ರ ಕಾಯುವುದಿಲ್ಲ.

1963ರ ಕಾಲಮಿತಿ ಕಾಯಿದೆಯಂತೆ ಉಪ ಅಥವಾ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನಗಳ, ಚೆನ್ನೈಯ ಉಚ್ಚ ನ್ಯಾಯಾಲಯಕ್ಕಾದರೆ 90 ದಿನಗಳ ಅವಕಾಶವಿದೆ. ತೀರ್ಪಿನ ದಿನವೂ, ಅರ್ಜಿ ಹಾಕಿದ ಮೇಲೆ ದೃಢೀಕೃತ ಪ್ರತಿ ದೊರೆಯಲು ಬೇಕಾದ ಕಾಲವೂ ಈ ಲೆಕ್ಕಕ್ಕೆ ಸೇರವು. ಅರ್ಜಿಯನ್ನೇ ಹಾಕದೆ ಕಳೆದ ದಿನಗಳು ಸೇರುತ್ತವೆ. ಆದುದರಿಂದ ತೀರ್ಪು ಬಂದೊಡನೆ ಮಾಡಬೇಕಾದ ಮೊದಲ ಕೆಲಸವೆಂದರೆ ಪ್ರತಿಗೆ ಅರ್ಜಿ ಸಲ್ಲಿಸುವುದು. ಶಾಲೆಯಲ್ಲಿ ತಮಿಳನ್ನೂ ಕಲಿಯುವ ಮಕ್ಕಳು ಮನೆಯವರಿಗೆ ದಿನಾಂಕವನ್ನು ಓದಿ ಹೇಳಬಲ್ಲರು.

ಗಡುವು ಮೀರಿದವರಿಗೂ ದಾರಿಯುಂಟು. ಸಾಕಷ್ಟು ಕಾರಣವಿದ್ದರೆ ವಿಳಂಬವನ್ನು ಮನ್ನಿಸಲು ಕಾಯಿದೆಯ 5ನೆಯ ಕಲಮು ನ್ಯಾಯಾಲಯಕ್ಕೆ ಅಧಿಕಾರ ಕೊಟ್ಟಿದೆ. ಮೇಲ್ಮನವಿಯೊಡನೆ ಪ್ರಮಾಣಪತ್ರಸಹಿತ ಅರ್ಜಿ ಸಲ್ಲಿಸಬೇಕು. ಆದರೆ ಅದು ಹಕ್ಕಲ್ಲ. ಕರ್ನಾಟಕದ ಭೂಸ್ವಾಧೀನ ಪ್ರಕರಣವೊಂದರಲ್ಲಿ ಐದೂವರೆ ವರ್ಷಗಳ ವಿಳಂಬಕ್ಕೆ ಅನಾರೋಗ್ಯದ ಕಾರಣ ಸಾಲದೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತೀರ್ಮಾನಿಸಿತು. ಜಮೀನು ಕಳೆದುಕೊಂಡವರ ಮೇಲ್ಮನವಿ ವಿಚಾರಣೆಗೇ ಬರಲಿಲ್ಲ.

ವಕೀಲರ ಶುಲ್ಕಕ್ಕೆ ಹಿಂಜರಿದು ದಿನ ಕಳೆಯಬೇಕಾಗಿಲ್ಲ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ದೊರೆಯುತ್ತದೆ. ಸಹಾಯವಾಣಿ: 15100.