ಮುಗಾ ಸ್ಕ್ಯಾನ್: ಒಂದೇ ಪರೀಕ್ಷೆ ಎರಡು ಸಲ ಏಕೆ?

ನಮ್ಮ ವೈದ್ಯಕೀಯ ನೆರವಿನ ಅರ್ಜಿಗಳೊಂದಿಗೆ ಬರುವ ಬಿಲ್ಲುಗಳಲ್ಲಿ ‘ಮುಗಾ ಸ್ಕ್ಯಾನ್’ ಎಂಬ ಹೆಸರು ಕಾಣಿಸುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಒಬ್ಬರೇ ರೋಗಿಗೆ ಕೆಲವು ತಿಂಗಳ ನಂತರ ಅದೇ ಪರೀಕ್ಷೆಗೆ ಮತ್ತೆ ಹಣ ಕೇಳಿದಾಗ ದಾನಿಗಳು ಕಾರಣ ವಿಚಾರಿಸುವುದು ನ್ಯಾಯವೇ. ಝಕಾತ್ ಮತ್ತು ಸದಕಾದ ಹಣ ನಮ್ಮ ಕೈಯಲ್ಲಿರುವ ಅಮಾನತ್ತು. ಅದಕ್ಕಾಗಿ ಈ ವಿವರಣೆ.

ಹೃದಯದ ಎಡಭಾಗದ ಕೆಳಕೋಣೆ ಇಡೀ ದೇಹಕ್ಕೆ ರಕ್ತವನ್ನು ತಳ್ಳುತ್ತದೆ. ಅದು ತುಂಬಿದಾಗ 120 ಮಿ.ಲೀ. ರಕ್ತವಿದ್ದು, ಒಂದು ಬಡಿತಕ್ಕೆ 72 ಮಿ.ಲೀ. ಹೊರಹೋದರೆ ಪಂಪಿಂಗ್ ಪ್ರಮಾಣ ಶೇ. 60. ವೈದ್ಯರು ಇದನ್ನು ‘ಇಜೆಕ್ಷನ್ ಫ್ರಾಕ್ಷನ್’ ಎನ್ನುತ್ತಾರೆ. ಇದು ಪರೀಕ್ಷೆಯ ಅಂಕದಂತಲ್ಲ. ಯಾವ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. ಸುಮಾರು ಶೇ. 50ರಿಂದ 70ರವರೆಗೆ ಇದ್ದರೆ ಸಾಮಾನ್ಯ.

ಮುಗಾ ಸ್ಕ್ಯಾನ್‌ನಲ್ಲಿ ರೋಗಿಯ ಕೆಂಪು ರಕ್ತಕಣಗಳಿಗೆ ಟೆಕ್ನೀಷಿಯಂ-99ಎಂ ಎಂಬ ವಿಕಿರಣ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ. ಅದು ಹೊಮ್ಮಿಸುವ ಕಿರಣಗಳನ್ನು ಗಾಮಾ ಕ್ಯಾಮೆರಾ ಹಿಡಿಯುತ್ತದೆ. ಇಸಿಜಿಯ ತಾಳಕ್ಕೆ ಹೊಂದಿಸಿ ನೂರಾರು ಬಡಿತಗಳ ಚಿತ್ರಗಳನ್ನು ಕೂಡಿಸಿದಾಗ, ಕೋಣೆ ತುಂಬಿದಾಗ ಎಷ್ಟು, ಕುಗ್ಗಿದಾಗ ಎಷ್ಟು ಎಂಬ ಲೆಕ್ಕ ಸಿಗುತ್ತದೆ. ಈ ವಸ್ತುವಿನ ವಿಕಿರಣ ಪ್ರತಿ 6 ಗಂಟೆಗೆ ಅರ್ಧಕ್ಕಿಳಿಯುತ್ತದೆ. ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು ಮೊದಲೇ ವೈದ್ಯರಿಗೆ ತಿಳಿಸಬೇಕು.

ಎರಡನೇ ಸಲ ಏಕೆ? ಸ್ತನ ಕ್ಯಾನ್ಸರ್, ಲಿಂಫೋಮಾ ಮುಂತಾದವುಗಳಿಗೆ ಕೊಡುವ ಡಾಕ್ಸೋರುಬಿಸಿನ್ ಔಷಧಿ ಕೆಲವರ ಹೃದಯದ ಸ್ನಾಯುವನ್ನು ದುರ್ಬಲಗೊಳಿಸುತ್ತದೆ. ಏದುಸಿರು, ಕಾಲೂತ ಕಾಣಿಸುವ ಮೊದಲೇ ಪಂಪಿಂಗ್ ಪ್ರಮಾಣ ಇಳಿದಿರಬಹುದು. ಚಿಕಿತ್ಸೆಗೆ ಮುಂಚೆ 62 ಇದ್ದದ್ದು ನಡುವೆ 48ಕ್ಕೆ ಇಳಿದರೆ, ಔಷಧಿ ನಿಲ್ಲಿಸಬೇಕೇ, ಬದಲಿಸಬೇಕೇ, ಹೃದಯಕ್ಕೆ ಚಿಕಿತ್ಸೆ ಆರಂಭಿಸಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ. ಮೊದಲ ವರದಿ ಇಲ್ಲದಿದ್ದರೆ ಎಷ್ಟು ಇಳಿಯಿತೆಂದು ಹೇಳುವುದು ಹೇಗೆ? ಎರಡನೆಯದು ಇಲ್ಲದಿದ್ದರೆ ಇಳಿದದ್ದೇ ತಿಳಿಯದು.

ಎಕೋ ಪರೀಕ್ಷೆಯಿಂದಲೂ ಈ ಪ್ರಮಾಣ ತಿಳಿಯುತ್ತದೆ, ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ಆದರೆ ಎರಡು ವಿಧಾನಗಳ ಸಂಖ್ಯೆಗಳಲ್ಲಿ ವ್ಯತ್ಯಾಸವಿರಬಹುದು. ಹೋಲಿಕೆ ನಂಬಲರ್ಹವಾಗಲು ಪ್ರತಿ ಸಲವೂ ಒಂದೇ ವಿಧಾನ ಒಳ್ಳೆಯದು.

ಆದ್ದರಿಂದ ಕುಟುಂಬದವರಲ್ಲಿ ಒಂದು ವಿನಂತಿ: ಹಳೆಯ ವರದಿಯನ್ನು ಜೋಪಾನವಾಗಿಡಿ, ಹೊಸ ಅರ್ಜಿಯೊಂದಿಗೆ ಅದರ ಪ್ರತಿ ಲಗತ್ತಿಸಿ. ವಿದ್ಯಾರ್ಥಿವೇತನ ಕೋರುವ ಮಕ್ಕಳಿಗೆ ಒಂದು ಮಾತು: ಈ ಕ್ಯಾಮೆರಾ ನಡೆಸುವವರು ನ್ಯೂಕ್ಲಿಯರ್ ಮೆಡಿಸಿನ್ ತಂತ್ರಜ್ಞರು. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಇದರಲ್ಲಿ ಬಿ.ಎಸ್ಸಿ. ಪದವಿಯ ದಾರಿಯಿದೆ. ಡಾಕ್ಟರ್ ಸೀಟು ಸಿಗಲಿಲ್ಲವೆಂದು ಕೊರಗದೆ, ಇತ್ತಲೂ ನೋಡಿ.

ದಾನಿಗಳಿಗೆ ಅಲ್ಲಾಹನು ಉತ್ತಮ ಪ್ರತಿಫಲ ನೀಡಲಿ, ರೋಗಿಗಳಿಗೆ ಶಿಫಾ ಕರುಣಿಸಲಿ. ಆಮೀನ್.